ಬ್ರಿಟನ್ನಿನಲ್ಲಿ ಸ್ವಂತ ಮನೆಯುಳ್ಳ ಕನ್ನಡಿಗ ಹಿರಿಯರಿಗೊಂದು ಬಹಿರಂಗ ಪತ್ರ

ಮಾನ್ಯ ಹಿರಿಯರೇ,

ಈ ಪತ್ರವನ್ನು ವಸತಿ ಸಚಿವರಿಗೆ ಬರೆಯಬಹುದಿತ್ತು. ಅವರಿಗೆ ಬರೆಯುವವರಿಗೆ ಕೊರತೆಯಿಲ್ಲ. ನಿಮಗೆ ಬರೆಯುವುದಕ್ಕೆ ಕಾರಣವಿದೆ. 1960 ಮತ್ತು 70ರ ದಶಕಗಳಲ್ಲಿ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಿಗೆ ವೈದ್ಯರಾಗಿ ಬಂದು ವೇಲ್ಸ್‌ನಿಂದ ಯಾರ್ಕ್‌ಷೈರ್‌ವರೆಗೆ ನೆಲೆಯೂರಿದವರು, 1990ರ ದಶಕದ ಕೊನೆಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಹ್ಯಾರೋ, ಸ್ಲೌ, ರೆಡಿಂಗ್, ಮಿಲ್ಟನ್ ಕೀನ್ಸ್‌ಗಳಲ್ಲಿ ಮನೆ ಕೊಂಡವರು, ಇವತ್ತು ಸಾಲ ತೀರಿದ ಅಥವಾ ತೀರುತ್ತ ಬಂದಿರುವ ಮನೆಗಳ ಒಡೆಯರಾಗಿದ್ದೀರಿ. ಸ್ಥಳೀಯ ಚುನಾವಣೆಯಲ್ಲಿ ತಪ್ಪದೆ ಮತ ಹಾಕುವವರು, ಪಕ್ಕದ ಖಾಲಿ ಜಾಗದಲ್ಲಿ ಹೊಸ ಮನೆಗಳು ಬರುತ್ತವೆಂದರೆ ಕೌನ್ಸಿಲಿಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಪತ್ರ ಬರೆಯುವವರು ಈ ದೇಶದಲ್ಲಿ ಬಹುಮಟ್ಟಿಗೆ ನಿಮ್ಮ ವಯಸ್ಸಿನ, ನಿಮ್ಮಂತೆ ಸ್ವಂತ ಮನೆಯುಳ್ಳ ಜನ. ಎಷ್ಟು ಮನೆ ಏಳಬೇಕು, ಎಲ್ಲಿ ಏಳಬೇಕು ಎಂಬುದರಲ್ಲಿ ಸಚಿವರ ಮಾತಿನಷ್ಟೇ ನಿಮ್ಮ ಮಾತಿಗೂ ತೂಕವಿದೆ ಎಂದು ನಾನು ನಂಬಿದ್ದೇನೆ.

ನಾನು ಮೂವತ್ತರ ಕೊನೆಯಲ್ಲಿರುವ, ಗಂಡ ಮತ್ತು ಮಗಳೊಡನೆ ಬಾಡಿಗೆ ಮನೆಯಲ್ಲಿರುವ ಹೆಂಗಸು. ಯುಗಾದಿಗೋ ದೀಪಾವಳಿಗೋ ನಾವೆಲ್ಲ ಸೇರಿದಾಗ ಊಟದ ಸಾಲಿನಲ್ಲಿ ನಿಮ್ಮಲ್ಲಿ ಯಾರಾದರೊಬ್ಬರು ಪ್ರೀತಿಯಿಂದಲೇ ಕೇಳುತ್ತೀರಿ: "ಇನ್ನೂ ಮನೆ ತಗೊಂಡಿಲ್ವಾ?" ಇಲ್ಲ ಎಂದರೆ, ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತೀರಿ. ಆಮೇಲೆ ಈಗಿನವರ ಖರ್ಚಿನ ಮಾತು ಬರುತ್ತದೆ: ಹೊರಗಿನ ಕಾಫಿ, ವರ್ಷಕ್ಕೊಂದು ಪ್ರವಾಸ, ತಿಂಗಳ ಚಂದಾ ಕಟ್ಟುವ ಸಿನಿಮಾ. ಈ ಮಾತಿನ ಹಿಂದೆ ನಿಮ್ಮ ಬದುಕಿನ ಅನುಭವವಿದೆ. ಒಂದೇ ಕೋಣೆಯಲ್ಲಿ ಹೀಟರ್ ಹಾಕಿಕೊಂಡು ಚಳಿಗಾಲ ಕಳೆದವರು, ರಾತ್ರಿಪಾಳಿಯ ಮೇಲೆ ರಾತ್ರಿಪಾಳಿ ಮಾಡಿ ಹಣ ಕೂಡಿಸಿದವರು ನೀವು. ಮಿತವ್ಯಯದಿಂದ ನಿಮಗೆ ಮನೆಯಾಯಿತು. ಆದ್ದರಿಂದ ಮನೆಯಾಗದವರಲ್ಲಿ ಮಿತವ್ಯಯವಿಲ್ಲ ಎಂಬ ತೀರ್ಮಾನಕ್ಕೆ ನೀವು ಬರುವುದು ನನಗೆ ಅರ್ಥವಾಗುತ್ತದೆ. ಆದರೆ ಆ ತೀರ್ಮಾನ ತಪ್ಪು, ಮತ್ತು ಅದರ ಫಲವನ್ನು ನಿಮ್ಮ ಮಕ್ಕಳ ಪೀಳಿಗೆ ಅನುಭವಿಸುತ್ತಿದೆ.

ದಯವಿಟ್ಟು ಲೆಕ್ಕವನ್ನು ನನ್ನೊಡನೆ ಮಾಡಿ ನೋಡಿ. ಇಂಗ್ಲೆಂಡಿನಲ್ಲಿ 1997ರಲ್ಲಿ ಮಧ್ಯಮ ಬೆಲೆಯ ಮನೆಯೊಂದು ಪೂರ್ಣಾವಧಿ ನೌಕರನ ಮಧ್ಯಮ ವಾರ್ಷಿಕ ಸಂಬಳದ ಸುಮಾರು ಮೂರೂವರೆ ಪಟ್ಟು ಇತ್ತು. 2021ರಲ್ಲಿ ಅದು ಒಂಬತ್ತು ಪಟ್ಟನ್ನು ದಾಟಿತು. ಆಮೇಲೆ ಸ್ವಲ್ಪ ಇಳಿದು 2024ರಲ್ಲಿ 7.7 ಪಟ್ಟಿಗೆ ಬಂದಿದೆ. ಲಂಡನ್ನಿನಲ್ಲಿ ಆ ವರ್ಷವೂ ಹನ್ನೊಂದರ ಮೇಲಿತ್ತು. ಬ್ರಿಟನ್ನಿನ ಸರಾಸರಿ ಮನೆಯ ಬೆಲೆ ಸುಮಾರು 2.7 ಲಕ್ಷ ಪೌಂಡ್. ವರ್ಷಕ್ಕೆ 39,000 ಪೌಂಡ್ ದುಡಿಯುವ ಒಬ್ಬ ನೌಕರಳನ್ನು ತೆಗೆದುಕೊಳ್ಳಿ. ಇದು ಈ ದೇಶದ ಮಧ್ಯಮ ಸಂಬಳಕ್ಕೆ ಹತ್ತಿರದ ಮೊತ್ತ. ಬ್ಯಾಂಕುಗಳು ಸಾಮಾನ್ಯವಾಗಿ ಸಂಬಳದ ನಾಲ್ಕೂವರೆ ಪಟ್ಟಿನವರೆಗೆ ಸಾಲ ಕೊಡುತ್ತವೆ, ಅಂದರೆ ಅವಳಿಗೆ 1,75,500 ಪೌಂಡ್. ಸರಾಸರಿ ಮನೆಯನ್ನು ಅವಳು ಒಬ್ಬಳೇ ಕೊಳ್ಳಬೇಕಾದರೆ ಉಳಿದ 95 ಸಾವಿರದಷ್ಟು ಕೈಯಲ್ಲಿರಬೇಕು. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಎಂಬ ಕಡ್ಡಾಯ ವಂತಿಗೆ, ವಿದ್ಯಾರ್ಥಿ ಸಾಲದ ಕಂತು ಕಳೆದು ತಿಂಗಳಿಗೆ ಅವಳ ಕೈಗೆ ಬರುವುದು ಸುಮಾರು 2,500 ಪೌಂಡ್. ದೇಶದ ಸರಾಸರಿ ಬಾಡಿಗೆ ಸುಮಾರು 1,300. ಉಳಿದ 1,200ರಲ್ಲಿ ಕೌನ್ಸಿಲ್ ತೆರಿಗೆ, ಗ್ಯಾಸು, ಕರೆಂಟು, ರೈಲಿನ ಪಾಸು, ಊಟ ಎಲ್ಲವೂ ನಡೆಯಬೇಕು. ಇಷ್ಟೆಲ್ಲ ಆದ ಮೇಲೆ ಕಾಫಿಯ ಮಾತಿಗೆ ಬರೋಣ. ಕೆಲಸದ ದಿನಗಳಲ್ಲೆಲ್ಲ ನಾಲ್ಕು ಪೌಂಡಿನ ಕಾಫಿ ಕುಡಿಯುವವಳು ಅದನ್ನು ಪೂರ್ತಿ ಬಿಟ್ಟರೆ ವರ್ಷಕ್ಕೆ ಸಾವಿರ ಪೌಂಡ್ ಉಳಿಯುತ್ತದೆ. 95 ಸಾವಿರ ಕೂಡುವುದಕ್ಕೆ 95 ವರ್ಷ ಬೇಕು. ಗಂಡ ಹೆಂಡತಿ ಇಬ್ಬರೂ ದುಡಿದರೆ ಲೆಕ್ಕ ಸುಧಾರಿಸುತ್ತದೆ, ನಿಜ. ಆದರೆ ಒಬ್ಬರ ಸಂಬಳ ಪೂರ್ತಿ ಮಗುವಿನ ನರ್ಸರಿಗೆ ಹೋಗುವ ಮನೆಗಳನ್ನು ನೀವೂ ಕಂಡಿದ್ದೀರಿ.

"ನಮ್ಮ ಕಾಲದಲ್ಲಿ ಬಡ್ಡಿ ಶೇಕಡ 15 ಇತ್ತು, ನಿಮಗೇನು ಗೊತ್ತು" ಎಂಬ ಮಾತನ್ನು ನಿಮ್ಮಿಂದ ಹಲವು ಸಲ ಕೇಳಿದ್ದೇನೆ. ಅದನ್ನು ತಳ್ಳಿಹಾಕುವುದಿಲ್ಲ. 1989ರ ಅಕ್ಟೋಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲದರ ಶೇಕಡ 15ರ ಹತ್ತಿರ ಹೋಗಿ ಒಂದು ವರ್ಷ ಅಲ್ಲೇ ನಿಂತಿತು. 1991ರಲ್ಲಿ 75 ಸಾವಿರಕ್ಕೂ ಹೆಚ್ಚು ಮನೆಗಳನ್ನು ಸಾಲಗಾರರಿಂದ ಕಿತ್ತುಕೊಳ್ಳಲಾಯಿತು, ಕೊಂಡ ಬೆಲೆಗಿಂತ ಮನೆಯ ಬೆಲೆ ಕೆಳಗಿಳಿದು ಮಾರಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಲಕ್ಷಾಂತರ ಕುಟುಂಬಗಳು ಕಂಗಾಲಾದವು. ಆ ಕಷ್ಟವನ್ನು ದಾಟಿ ಬಂದವರ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಜೊತೆಗೇ ಇನ್ನೂ ಕೆಲವು ಸಂಗತಿಗಳನ್ನು ನೆನೆಯಬೇಕು. ಗೃಹಸಾಲದ ಬಡ್ಡಿಗೆ ಆಗ ಸರ್ಕಾರ ತೆರಿಗೆ ವಿನಾಯಿತಿ ಕೊಡುತ್ತಿತ್ತು. ಅದು ಪೂರ್ತಿ ನಿಂತದ್ದು 2000ದ ಏಪ್ರಿಲಿನಲ್ಲಿ. ಸಂಬಳಗಳು ಬೇಗ ಏರುತ್ತಿದ್ದುದರಿಂದ ಸಾಲದ ಭಾರ ಕೆಲವೇ ವರ್ಷಗಳಲ್ಲಿ ಹಗುರವಾಗುತ್ತಿತ್ತು. ಬಡ್ಡಿ ಇಳಿದಾಗ ಕಂತೂ ಇಳಿಯಿತು. ಮನೆಯ ಬೆಲೆಯೇ ದುಬಾರಿಯಾದಾಗ ಹಾಗೆ ಬಿಡುಗಡೆ ಸಿಗುವುದಿಲ್ಲ: ಬಡ್ಡಿ ಇಳಿದರೂ ಅಸಲು ಇಳಿಯುವುದಿಲ್ಲ, ಮುಂಗಡವೂ ಇಳಿಯುವುದಿಲ್ಲ. ನಿಮ್ಮ ಕಾಲದಲ್ಲಿ ಮನೆಸಾಲವೆಂದರೆ 25 ವರ್ಷ ಎಂದೇ ರೂಢಿ. ಈಗ ಮೊದಲ ಸಲ ಮನೆ ಕೊಳ್ಳುವವರು 30, 35 ವರ್ಷದ ಸಾಲಕ್ಕೆ ಸಹಿ ಹಾಕುತ್ತಿದ್ದಾರೆ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಹಾಗೆ ಸಹಿ ಹಾಕಿದವರ ಸಾಲ ತೀರುವ ಹೊತ್ತಿಗೆ ನಿವೃತ್ತಿ ಬಂದಿರುತ್ತದೆ. ಮೇಲಾಗಿ, 2022ರ ಸೆಪ್ಟೆಂಬರಿನಲ್ಲಿ ಸಾಲದ ಹಣದಿಂದ ತೆರಿಗೆ ಇಳಿಸಹೊರಟ ಸರ್ಕಾರದ ಮಿನಿ ಬಜೆಟ್ಟಿನ ನಂತರ, ಎರಡು ವರ್ಷಕ್ಕೆ ನಿಗದಿಯಾಗುವ ಮನೆಸಾಲದ ಸರಾಸರಿ ಬಡ್ಡಿದರ ಕೆಲವೇ ವಾರಗಳಲ್ಲಿ ಶೇಕಡ 6ನ್ನು ದಾಟಿತು. ಇಷ್ಟು ದೊಡ್ಡ ಸಾಲದ ಮೇಲೆ ಶೇಕಡ 6 ಎಂದರೆ, ಚಿಕ್ಕ ಸಾಲದ ಮೇಲಿನ ಶೇಕಡ 12ರಷ್ಟೇ ಭಾರ.

ನೀವು ಕೊಂಡ ಮನೆ ಅಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ. ಹ್ಯಾರೋ, ಪಿನ್ನರ್, ವೆಂಬ್ಲಿ ಪಾರ್ಕ್‌ಗಳಲ್ಲಿ ನಮ್ಮವರು ಅನೇಕರು ಬಾಳುತ್ತಿರುವ, ಮುಂದೆ ಬಾಗಿದ ದುಂಡು ಕಿಟಕಿಯ, ಹಿಂದೆ ಉದ್ದನೆಯ ತೋಟದ ಜೋಡಿಮನೆಗಳು ಎರಡು ಮಹಾಯುದ್ಧಗಳ ನಡುವೆ ಎದ್ದವು. ಅದಕ್ಕೆ ಮೊದಲು ಅಲ್ಲಿ ಹುಲ್ಲುಗಾವಲಿತ್ತು, ಹೊಲವಿತ್ತು. ಮೆಟ್ರೊಪಾಲಿಟನ್ ರೈಲ್ವೆ ಕಂಪನಿ ತನ್ನ ಹಳಿಯ ಪಕ್ಕದ ಜಮೀನಿನಲ್ಲಿ ಮನೆ ಕಟ್ಟಿಸಿ, ಆ ಸೀಮೆಗೆಲ್ಲ ಮೆಟ್ರೋಲ್ಯಾಂಡ್ ಎಂದು ಹೆಸರಿಟ್ಟು ಜಾಹೀರಾತು ಮಾಡಿತು. ಆ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಸುಮಾರು 40 ಲಕ್ಷ ಮನೆಗಳು ಎದ್ದವು. ಹೊಲ ಹಾಳಾಯಿತೆಂದು ಆಗಲೂ ಗೊಣಗಿದವರಿದ್ದರು. ಅವರ ಮಾತು ನಡೆದಿದ್ದರೆ ಇವತ್ತು ನಿಮ್ಮ ವಿಳಾಸವೇ ಇರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ 1946ರ ಹೊಸ ಪಟ್ಟಣಗಳ ಕಾಯ್ದೆಯಡಿ ಸ್ಟೀವನೇಜ್ ಮೊದಲಾಯಿತು. 1967ರಲ್ಲಿ ಮಿಲ್ಟನ್ ಕೀನ್ಸ್ ಘೋಷಣೆಯಾಯಿತು. ಕನ್ಸರ್ವೇಟಿವ್ ಸರ್ಕಾರದಲ್ಲಿ ಹೆರಾಲ್ಡ್ ಮ್ಯಾಕ್‌ಮಿಲನ್ ವಸತಿ ಸಚಿವರಾಗಿದ್ದಾಗ ವರ್ಷಕ್ಕೆ ಮೂರು ಲಕ್ಷ ಮನೆ ಎಂಬ ಗುರಿ 1953ರಲ್ಲೇ ಮುಟ್ಟಿತು, 1968ರಲ್ಲಿ ಬ್ರಿಟನ್ ಒಂದೇ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆ ಕಟ್ಟಿತು. ಅವುಗಳಲ್ಲಿ ದೊಡ್ಡದೊಂದು ಪಾಲು ಕಡಿಮೆ ಬಾಡಿಗೆಗೆ ಕೊಡಲೆಂದು ಕೌನ್ಸಿಲುಗಳು ಕಟ್ಟಿದ್ದು. ನಿಮ್ಮಲ್ಲಿ ಯಾರೂ ಕೌನ್ಸಿಲ್ ಮನೆಯಲ್ಲಿ ಇದ್ದವರಲ್ಲದಿರಬಹುದು. ಆದರೆ ಅಷ್ಟೊಂದು ಕುಟುಂಬಗಳಿಗೆ ಕೌನ್ಸಿಲ್ ಮನೆ ಸಿಕ್ಕಿದ್ದರಿಂದಲೇ ಮಾರುಕಟ್ಟೆಯಲ್ಲಿದ್ದ ಮನೆಗಾಗಿ ನೀವು ಅಷ್ಟು ಪೈಪೋಟಿ ಮಾಡಬೇಕಾಗಲಿಲ್ಲ. ನೀವು ದುಡಿದಿರಿ, ಉಳಿಸಿದಿರಿ, ಅದರಲ್ಲಿ ಎರಡು ಮಾತಿಲ್ಲ. ದುಡಿದವರಿಗೆ ಸಿಗಲೆಂದು ದೇಶ ಮನೆಗಳನ್ನೂ ಕಟ್ಟಿತ್ತು.

ಆಮೇಲೆ ಕಟ್ಟುವುದು ನಿಂತಿತು, ಮಾರುವುದು ಶುರುವಾಯಿತು. 1980ರ ವಸತಿ ಕಾಯ್ದೆಯಡಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆಯನ್ನು ದೊಡ್ಡ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಇಂಗ್ಲೆಂಡಿನಲ್ಲಿ ಈವರೆಗೆ ಸುಮಾರು 20 ಲಕ್ಷ ಮನೆಗಳು ಹೀಗೆ ಮಾರಾಟವಾಗಿವೆ. ಬಡ ಕುಟುಂಬವೊಂದಕ್ಕೆ ಸ್ವಂತ ಸೂರು ಸಿಕ್ಕಿದ್ದರಲ್ಲಿ ನನಗೆ ತಕರಾರಿಲ್ಲ. ಆದರೆ ಬಂದ ಹಣದ ಬಹುಪಾಲನ್ನು ಬೇರೆ ಮನೆ ಕಟ್ಟಲು ಬಳಸುವುದಕ್ಕೆ ಕೌನ್ಸಿಲುಗಳಿಗೆ ಬಿಡಲಿಲ್ಲ. ಆ ಮನೆಗಳಲ್ಲಿ ಬಹಳಷ್ಟು ಈಗ ಖಾಸಗಿ ಮಾಲೀಕರ ಕೈಸೇರಿವೆ, ಮತ್ತು ಮನೆಯಿಲ್ಲದವರನ್ನು ಇರಿಸಲು ಕೆಲವು ಕೌನ್ಸಿಲುಗಳು ತಾವೇ ಮಾರಿದ ಮನೆಗಳನ್ನು ದುಬಾರಿ ಬಾಡಿಗೆಗೆ ಮರಳಿ ಪಡೆಯುತ್ತಿವೆ. ಸ್ಕಾಟ್‌ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟವನ್ನು ನಿಲ್ಲಿಸಿದವು. ಇಂಗ್ಲೆಂಡಿನಲ್ಲಿ ಸಾಮಾಜಿಕ ವಸತಿಗಾಗಿ, ಅಂದರೆ ಕೌನ್ಸಿಲು ಮತ್ತು ವಸತಿ ಸಂಘಗಳ ಕಡಿಮೆ ಬಾಡಿಗೆಯ ಮನೆಗಳಿಗಾಗಿ, ಸುಮಾರು 13 ಲಕ್ಷ ಕುಟುಂಬಗಳು ಸರದಿಯಲ್ಲಿವೆ. ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ತಾತ್ಕಾಲಿಕ ವಸತಿಗಳಲ್ಲಿ, ಹಲವೊಮ್ಮೆ ಒಂದೇ ಕೋಣೆಯಲ್ಲಿ, ಬೆಳೆಯುತ್ತಿದ್ದಾರೆ.

ಸರ್ಕಾರಗಳು ಕೈಕಟ್ಟಿ ಕೂತಿರಲಿಲ್ಲ ಎನ್ನುವಿರಿ. ಹೌದು. 2013ರಿಂದ 2023ರವರೆಗೆ ಇಂಗ್ಲೆಂಡಿನಲ್ಲಿ ಹೆಲ್ಪ್ ಟು ಬೈ ಎಂಬ ಸಾಲ ಯೋಜನೆ ನಡೆಯಿತು. ಅದರ ನೆರವು ಪಡೆದವರಲ್ಲಿ ಐದರಲ್ಲಿ ಮೂರು ಪಾಲು ಜನ ಅದಿಲ್ಲದೆಯೂ ಮನೆ ಕೊಳ್ಳಬಹುದಿತ್ತೆಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಹೇಳಿತು. ಅದೇ ಕಾಲದಲ್ಲಿ ಮೊದಲ ಸಲ ಕೊಳ್ಳುವವರಿಗೆಂದೇ ಎರಡು ಲಕ್ಷ ಮನೆ ಕಟ್ಟುವ ವಾಗ್ದಾನವಾಗಿತ್ತು. ಆ ಯೋಜನೆಯಡಿ ಒಂದೂ ಮನೆ ಏಳಲಿಲ್ಲವೆಂದು ಅದೇ ಕಚೇರಿ ತಿಳಿಸಿತು. ಮನೆಗಳ ಸಂಖ್ಯೆ ಹೆಚ್ಚಿಸದೆ ಕೊಳ್ಳುವವರ ಕೈಗೆ ಹಣ ಕೊಟ್ಟರೆ ಬೆಲೆ ಏರುತ್ತದೆ, ಅಷ್ಟೆ.

ಇನ್ನು ಅಪ್ಪ ಅಮ್ಮನ ಬ್ಯಾಂಕು. ಈ ದೇಶದ ಪತ್ರಿಕೆಗಳು ಹಾಗೆಂದೇ ಕರೆಯುತ್ತವೆ. ನಿಮ್ಮಲ್ಲಿ ಹಲವರು ಮಗನಿಗೋ ಮಗಳಿಗೋ ಮುಂಗಡದ ಹಣ ಕೊಟ್ಟಿದ್ದೀರಿ. ಅದು ವಾತ್ಸಲ್ಯ, ಅದನ್ನು ಯಾರೂ ಬೇಡವೆನ್ನಲಾರರು. ಈಚೆಗೆ ಬಂದ ನಮ್ಮಂಥವರಲ್ಲಿ ಕೆಲವರ ತಂದೆತಾಯಂದಿರು ಮೈಸೂರಿನ ಸೈಟನ್ನೋ ಹಾಸನದ ತೋಟವನ್ನೋ ಮಾರಿ, ಪೌಂಡಿಗೆ ನೂರಕ್ಕೂ ಹೆಚ್ಚು ರೂಪಾಯಿಯಂತೆ ತೆತ್ತು ಇಲ್ಲಿಗೆ ಹಣ ಕಳಿಸಿದ್ದಾರೆ. ಹಣ ಎಲ್ಲಿಂದ ಬಂತು, ವಾಪಸು ಕೊಡಬೇಕಾದ್ದೇ ಎಂದು ಬ್ಯಾಂಕು ಕೇಳುವ ಕಾಗದಗಳಿಗೆ ಅವರು ಅಲ್ಲಿಂದ ಸಹಿ ಹಾಕಿ ಕಳಿಸುತ್ತಾರೆ. ವಯಸ್ಸಾದವರ ಆಸರೆ ಹೀಗೆ ಕರಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಗೆ ಕೊಡಲಾಗದ ತಂದೆತಾಯಿಯ ಮಕ್ಕಳು, ಉದಾಹರಣೆಗೆ ಕೇರ್ ಹೋಮಿನಲ್ಲಿ ದುಡಿಯುವ ಹುಡುಗಿ ಅಥವಾ ಈಗತಾನೆ ಬಂದ ನರ್ಸು, ಅದೇ ಮನೆಗಾಗಿ ನಿಮ್ಮ ಮಕ್ಕಳೊಡನೆ ಸ್ಪರ್ಧಿಸಬೇಕು. ಪ್ರತಿಭೆಗಿಂತ, ದುಡಿಮೆಗಿಂತ, ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೇವೆ ಎಂಬುದೇ ಮನೆಯನ್ನು ನಿರ್ಧರಿಸುವ ಸ್ಥಿತಿಗೆ ಈ ದೇಶ ಮರಳುತ್ತಿದೆ. ಬರೀ ವಿದ್ಯೆಯನ್ನು ನಂಬಿ ಕೈಯಲ್ಲಿ ಒಂದು ಸೂಟ್‌ಕೇಸ್ ಹಿಡಿದು ಬಂದ ನಿಮಗೆ ಇದು ಎಷ್ಟು ಅನ್ಯಾಯವೆಂದು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಕೊಳ್ಳುವ ಆಸೆಯನ್ನೇ ಈ ಪೀಳಿಗೆ ಬಿಟ್ಟಿದೆಯೇ? ಬಾಡಿಗೆಯಲ್ಲೇ ಆರಾಮ, ಸಾಲದ ಗೋಜು ಬೇಡ ಎನ್ನುವ ಕಿರಿಯರನ್ನು ನೀವು ಕಂಡಿರಬಹುದು. ನನಗೆ ತಿಳಿದವರಲ್ಲಿ ಹೆಚ್ಚಿನವರು ಕೈಗೆ ಎಟುಕದ್ದನ್ನು ಬೇಡವೆನ್ನುತ್ತಿದ್ದಾರೆ. 25ರಿಂದ 34 ವಯಸ್ಸಿನವರಲ್ಲಿ ಸ್ವಂತ ಮನೆಯುಳ್ಳವರು 2003ರ ಸುಮಾರಿಗೆ ಶೇಕಡ 59 ಇದ್ದರು. ಹತ್ತೇ ವರ್ಷದಲ್ಲಿ ಅದು ಶೇಕಡ 40ಕ್ಕಿಂತ ಕೆಳಗಿಳಿಯಿತು, ಈಚೆಗೆ ತುಸು ಚೇತರಿಸಿದೆ. ಒಂದು ಪೀಳಿಗೆಯ ಮನಸ್ಸು ಹತ್ತು ವರ್ಷದಲ್ಲಿ ಹಾಗೆ ಬದಲಾಗುವುದಿಲ್ಲ. ಬಾಡಿಗೆಯಲ್ಲೇ ನೆಮ್ಮದಿಯಾಗಿ ಬದುಕಬಹುದಾದ ದೇಶಗಳಿವೆ. ಜರ್ಮನಿಯಲ್ಲಿ ಅರ್ಧದಷ್ಟು ಜನ ಹಾಗೆ ಬದುಕುತ್ತಾರೆ. ಇಲ್ಲಿ 1988ರ ವಸತಿ ಕಾಯ್ದೆಯ 21ನೆಯ ಕಲಮಿನಂತೆ, ಯಾವ ಕಾರಣವನ್ನೂ ಹೇಳದೆ ಎರಡು ತಿಂಗಳ ನೋಟಿಸಿನಲ್ಲಿ ಬಾಡಿಗೆದಾರರನ್ನು ಬಿಡಿಸಬಹುದು ಎಂಬ ಪದ್ಧತಿ ಬೆಳೆಯಿತು. ಅಂಥ ನೋಟಿಸು ನಮ್ಮ ಮನೆಗೂ ಬಂದಿತ್ತು. ನಾವು ಬಾಡಿಗೆ ತಪ್ಪಿಸಿರಲಿಲ್ಲ, ಗೋಡೆಗೆ ಮೊಳೆ ಹೊಡೆದಿರಲಿಲ್ಲ. ಮಗಳು ಆಗಷ್ಟೇ ಶಾಲೆ ಸೇರಿದ್ದಳು. ಬೇರೆ ಮನೆ ಹುಡುಕಿದಾಗ, ಈ ದೇಶದಲ್ಲಿ ಕಾಯಂ ವಾಸದ ಪರವಾನಗಿ ಇನ್ನೂ ಇಲ್ಲವೆಂಬ ಕಾರಣಕ್ಕೆ ಏಜೆಂಟರೊಬ್ಬರು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳಿದರು. ಮನೆಯ ಮುಂಗಡಕ್ಕೆಂದು ಕೂಡಿಟ್ಟ ಹಣ ಅಲ್ಲಿಗೆ ಹೋಯಿತು. ಬಾಡಿಗೆದಾರರ ಹಕ್ಕುಗಳ ಕಾಯ್ದೆಗೆ 2025ರ ಅಕ್ಟೋಬರಿನಲ್ಲಿ ಅಂಕಿತ ಬಿದ್ದಿದೆ. 2026ರ ಮೇ 1ರ ಜಾರಿ ದಿನಾಂಕದಿಂದ ಇಂಗ್ಲೆಂಡಿನಲ್ಲಿ 21ನೆಯ ಕಲಮಿಗೆ ಕೊನೆ, ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಚಿತವಾಗಿ ಕೇಳುವುದಕ್ಕೂ ತಡೆ. ನಿಮ್ಮಲ್ಲಿ ಎರಡನೆಯ ಮನೆಯನ್ನು ಬಾಡಿಗೆಗೆ ಕೊಟ್ಟವರು ಈ ಕಾಯ್ದೆಯನ್ನು ಶತ್ರುವೆಂದು ಕಾಣಬೇಡಿ ಎಂದು ಬೇಡುತ್ತೇನೆ. ಒಳ್ಳೆಯ ಮಾಲೀಕರಿಗೆ ಅದರಿಂದ ಹೆದರುವ ಕಾರಣವಿಲ್ಲ.

ಈಗ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಊರಿನಲ್ಲಿ ಹೊಸ ಮನೆಗಳ ಅರ್ಜಿ ಬಂದಾಗ ನೀವು ಆಕ್ಷೇಪಣೆ ಬರೆಯುತ್ತೀರಿ. ಕೌನ್ಸಿಲುಗಳ ಜಾಲತಾಣದಲ್ಲಿ ಅವುಗಳನ್ನು ಯಾರು ಬೇಕಾದರೂ ಓದಬಹುದು, ನಾನೂ ಓದಿದ್ದೇನೆ. ಪಾರ್ಕಿಂಗಿಗೆ ಜಾಗವಿಲ್ಲ, ಜಿಪಿ (ಕುಟುಂಬ ವೈದ್ಯರು) ಬಳಿ ಈಗಲೇ ಸರದಿ, ಶಾಲೆಯಲ್ಲಿ ಸೀಟಿಲ್ಲ, ಬೀದಿಯ ಚಹರೆ ಕೆಡುತ್ತದೆ, ಗ್ರೀನ್ ಬೆಲ್ಟ್ (ಊರು ಹರಡದಂತೆ ಕಟ್ಟಡಗಳನ್ನು ನಿರ್ಬಂಧಿಸಿದ ಸುತ್ತಲಿನ ನೆಲ) ನಾಶವಾಗುತ್ತದೆ. ಇವೆಲ್ಲ ಸುಳ್ಳೆನ್ನುವುದಿಲ್ಲ. ಜಿಪಿ ಕೊಠಡಿಯೂ ಶಾಲೆಯೂ ಮನೆಗಳ ಜೊತೆಗೇ ಆಗಬೇಕೆಂದು ಕೇಳುವುದು ನ್ಯಾಯ, ಹಾಗೆಂದೇ ಬರೆಯಿರಿ. ಆದರೆ ಮನೆಯೇ ಬೇಡವೆಂದರೆ ಆ ಜಿಪಿ ಕೇಂದ್ರದ ನರ್ಸು, ಆ ಶಾಲೆಯ ಶಿಕ್ಷಕಿ ಎಲ್ಲಿ ಇರಬೇಕು? ಇಂಗ್ಲೆಂಡಿನ ನೆಲದ ಸುಮಾರು ಎಂಟನೆಯ ಒಂದು ಭಾಗ ಗ್ರೀನ್ ಬೆಲ್ಟ್. ಲಂಡನ್ನಿನ ಸುತ್ತಲಿನದು ಲಂಡನ್ನಿಗಿಂತ ಮೂರು ಪಟ್ಟು ವಿಸ್ತಾರ. ಅದರಲ್ಲಿ ಕಾಡೂ ಇದೆ, ಹೊಲವೂ ಇದೆ, ಜೊತೆಗೆ ಗಾಲ್ಫ್ ಮೈದಾನವೂ ಪಾಳುಬಿದ್ದ ಗ್ಯಾರೇಜೂ ಇದೆ. ಅಂಥ ಜಾಗಗಳಿಗೆ ಗ್ರೇ ಬೆಲ್ಟ್ ಎಂದು ಹೆಸರಿಟ್ಟು ಮನೆ ಕಟ್ಟಲು ದಾರಿ ಮಾಡುವ ನಿಯಮ 2024ರ ಡಿಸೆಂಬರಿನಲ್ಲಿ ಬಂದಿದೆ. ಐದು ವರ್ಷದ ಈ ಸಂಸತ್ ಅವಧಿಯಲ್ಲಿ 15 ಲಕ್ಷ ಮನೆ ಎಂದು ಸರ್ಕಾರ ಹೇಳಿದೆ, ಸಾಮಾಜಿಕ ಮತ್ತು ಕೈಗೆಟುಕುವ ವಸತಿಗೆ ಹತ್ತು ವರ್ಷಗಳಲ್ಲಿ 39 ಶತಕೋಟಿ ಪೌಂಡ್ ತೆಗೆದಿರಿಸಿದೆ. ಆದರೂ ಒಂದೊಂದು ಊರಿನಲ್ಲಿ ಒಂದೊಂದು ಅರ್ಜಿ ಬಿದ್ದುಹೋದರೆ ಈ ಅಂಕಿಗಳು ಕಾಗದದ ಮೇಲೆಯೇ ಉಳಿಯುತ್ತವೆ. ತಪ್ಪೆಲ್ಲ ನಿಮ್ಮ ತಲೆಯ ಮೇಲೆ ಹೊರಿಸುತ್ತಿಲ್ಲ; ಅನುಮತಿ ಸಿಕ್ಕ ಮೇಲೂ ದೊಡ್ಡ ಕಂಪನಿಗಳು ಬೆಲೆ ಇಳಿಯದಷ್ಟು ನಿಧಾನವಾಗಿ ಕಟ್ಟುತ್ತವೆಂದು 2018ರಲ್ಲೇ ಸರ್ಕಾರಕ್ಕಾಗಿ ಸಂಸದ ಆಲಿವರ್ ಲೆಟ್ವಿನ್ ಬರೆದ ವರದಿ ತೋರಿಸಿದೆ. ಆದರೆ ಕಂಪನಿಗಳನ್ನು ನಾನು ಒಬ್ಬಳೇ ಬದಲಿಸಲಾರೆ. ನಿಮ್ಮೊಡನೆ ಮಾತಾಡಬಲ್ಲೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಕೌನ್ಸಿಲ್ ತನ್ನ ಸ್ಥಳೀಯ ಯೋಜನೆಯ ಬಗ್ಗೆ ಅಭಿಪ್ರಾಯ ಕೇಳಿದಾಗ, ಅಥವಾ ನಿಮ್ಮ ಬೀದಿಯ ಕೊನೆಯಲ್ಲಿ ನಲವತ್ತು ಫ್ಲಾಟುಗಳ ಅರ್ಜಿ ಬಂದಾಗ, ಬೆಂಬಲಿಸಿ ಒಂದು ಪತ್ರ ಬರೆಯಿರಿ. ಬೆಂಬಲದ ಪತ್ರಗಳು ಅಪರೂಪ, ಕೌನ್ಸಿಲರುಗಳು ಅವುಗಳನ್ನು ಗಮನಿಸುತ್ತಾರೆ. ಅದರಲ್ಲಿ ಸಾಮಾಜಿಕ ಬಾಡಿಗೆಯ ಮನೆಗಳ ಪಾಲು ಹೆಚ್ಚಿಸಿ ಎಂದು ಕೇಳಿ. ಮತ ಕೇಳಲು ಬಂದವರನ್ನು, ಕಳೆದ ಅವಧಿಯಲ್ಲಿ ಎಷ್ಟು ಮನೆಗೆ ಕೈಯೆತ್ತಿದಿರಿ ಎಂದು ವಿಚಾರಿಸಿ. ನಾಲ್ಕು ಕೋಣೆಯ ಮನೆಯಲ್ಲಿ ಒಬ್ಬರೋ ಇಬ್ಬರೋ ಇದ್ದು, ಮೆಟ್ಟಿಲು ಹತ್ತುವುದು ಕಷ್ಟವಾಗಿ, ಚಿಕ್ಕ ಮನೆಗೆ ಹೋಗಬೇಕೆನ್ನುವವರಿಗೆ ಸ್ಟಾಂಪ್ ಡ್ಯೂಟಿ ಅಡ್ಡವಾಗುತ್ತದೆ. ಅದನ್ನು ಸರಿಪಡಿಸಿ ಎಂದು ನಿಮ್ಮ ಎಂಪಿಗೆ ಬರೆದರೆ ನಾವೂ ಜೊತೆಗೆ ಸಹಿ ಹಾಕುತ್ತೇವೆ. ಕೌನ್ಸಿಲ್ ತೆರಿಗೆ ಇಂಗ್ಲೆಂಡಿನಲ್ಲಿ ಇನ್ನೂ 1991ರ ಮನೆಬೆಲೆಯ ಮೇಲೆ ನಿಂತಿರುವುದೇಕೆ ಎಂದೂ ಕೇಳಿ. ನನ್ನ ವಯಸ್ಸಿನವರಿಗೂ ಒಂದು ಮಾತು: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಕೆಲಸದ ವೀಸಾದ ಮೇಲೆ ಇಲ್ಲಿ ವಾಸಿಸುವವರಿಗೂ ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಈ ದೇಶದ ಚುನಾವಣೆಗಳಲ್ಲಿ ಮತದ ಹಕ್ಕಿದೆ. ನಮ್ಮಲ್ಲಿ ಬಹುಮಂದಿಗೆ ಇದು ತಿಳಿದೇ ಇಲ್ಲ. ಹೆಸರು ನೋಂದಾಯಿಸಿಕೊಳ್ಳಲು ಅಂತರ್ಜಾಲದಲ್ಲಿ ಕೆಲವೇ ನಿಮಿಷ ಸಾಕು.

ನಮ್ಮ ಕೌನ್ಸಿಲಿನಲ್ಲಿ ಇಂಥ ಅರ್ಜಿಗಳು ಬಂದಾಗಲೆಲ್ಲ ಅವುಗಳ ಮಾಹಿತಿಯನ್ನು ಕನ್ನಡದಲ್ಲಿ ಸಂಕ್ಷೇಪಿಸಿ ಹಂಚಲು ನಾವು ಕೆಲವು ಗೆಳತಿಯರು ಸಿದ್ಧರಿದ್ದೇವೆ. ಬೆಂಬಲದ ಪತ್ರ ಹೇಗೆ ಬರೆಯಬೇಕು, ಕೊನೆಯ ದಿನ ಯಾವುದು ಎಂಬುದನ್ನು ತಿಳಿಸುತ್ತೇವೆ. ಆಕ್ಷೇಪಿಸುವ ಕಾರಣವಿದೆ ಎಂದು ನಿಮಗೆ ತೋರಿದರೆ ಅದನ್ನೂ ಕೂತು ಕೇಳುತ್ತೇವೆ. ಮುಂದಿನ ಸಲ ಹಬ್ಬದಲ್ಲಿ ಸೇರಿದಾಗ ಈ ವಿಷಯಕ್ಕೆ ಅರ್ಧ ಗಂಟೆ ಕೊಡಿ ಎಂದು ಕೋರುತ್ತೇನೆ.

ಗೌರವಪೂರ್ವಕವಾಗಿ,
ರೆಡಿಂಗ್‌ನಲ್ಲಿ ಬಾಡಿಗೆಗಿರುವ ನಿಮ್ಮ ಕಿರಿಯಳೊಬ್ಬಳು